ಕಿತ್ತು ಹಾಕಿದ್ರಾ? ಹೂಂ ಮೇಷ್ಟ್ರೇ, ಕಿತ್ತೇ ಹಾಕ್ತಾರೆ

ಮೇಷ್ಟ್ರೇ, ನಿಮ್ಮ ಪತ್ರ ಆಫೀಸಲ್ಲಿ ಕೈಯಿಂದ ಕೈಗೆ ಓಡಾಡ್ತು. 2018ರಲ್ಲಿ ಮಗಳ ಮನೆಗೆ ಅಂತ ಟೆಕ್ಸಾಸಿನ ಆಸ್ಟಿನ್‌ಗೆ ಹೋಗಿದ್ರಿ, ಅಲ್ಲಿ ಪೀಸ್ ಪಾರ್ಕಲ್ಲಿ ಬರೀ ಕೊಂಬೆ ಕಡ್ಡಿ ಹೆಣೆದು ಮಾಡಿದ್ದ ಕಿಟಕಿ ಬಾಗಿಲಿನ ಗೂಡುಗಳಂಥದ್ದು ನೋಡಿದ್ರಿ, ಒಳಗೆ ನುಗ್ಗಿದ ಮೊಮ್ಮಗಳು ಆಚೆ ಬರೋಕೆ ಒಪ್ಪಲೇ ಇಲ್ಲ, ಈ ಸಲ ಹೋದ್ರೆ ಅಲ್ಲಿ ಏನೂ ಇಲ್ಲ. "ಅಷ್ಟು ದುಡ್ಡಿರೋ ದೇಶದೋರಿಗೆ ಒಂದು ಕೋಟ್ ವಾರ್ನಿಶ್ ಹೊಡೆದು ಉಳಿಸ್ಕೊಳ್ಳೋಕೆ ಆಗಲಿಲ್ವಾ" ಅಂತ ಬೈದಿದೀರಿ. ಬೈಗುಳ ಚೆನ್ನಾಗಿದೆ, ಆದ್ರೆ ಬೈಬೇಕಾದ ಜಾಗ ಅದಲ್ಲ ಅನ್ಸುತ್ತೆ.

ಅದನ್ನ ಮಾಡಿದ್ದು ಪ್ಯಾಟ್ರಿಕ್ ಡೊಹರ್ಟಿ ಅನ್ನೋರು, ನಾರ್ತ್ ಕೆರೊಲಿನಾದವರು. ಅದಕ್ಕೆ ಇಟ್ಟ ಹೆಸರು 'ಯಿಪ್ಪೀ ಕಿ ಯೇ', ಕೌಬಾಯ್‌ಗಳು ಹಾಕೋ ಕೇಕೆ. ಮನುಷ್ಯ ಓದಿದ್ದು ಇಂಗ್ಲಿಷು, ಆಮೇಲೆ ಆಸ್ಪತ್ರೆ ಆಡಳಿತ, ಶಿಲ್ಪದ ಕಡೆ ಬಂದಿದ್ದು ನಿಧಾನಕ್ಕೆ. 1982ರಲ್ಲಿ ಮೇಪಲ್ ಕಡ್ಡಿಗಳಿಂದ ಮೊದಲನೇದು ಹೆಣೆದರು, ಈಗ ಮುನ್ನೂರರ ಮೇಲಾಗಿದೆ. ಒಂದೊಂದಕ್ಕೂ ಸುಮಾರು ಮೂರು ವಾರ, ಕೈ ಜೋಡಿಸೋರು ಊರಿನ ಜನಾನೇ. ಎಲೆ ಸವರೋದು, ಕಡ್ಡಿ ಹೊರೋದು, ಅಟ್ಟಣೆ ಹತ್ತಿ ಸಿಗಿಸೋದು. ಎರಡು ವರ್ಷ ಬಾಳಿಕೆ ಅಂತ ಮೊದಲೇ ಮಾತಾಗಿರುತ್ತೆ, ಅಂದಗೆಡೋ ಹೊತ್ತಿಗೆ ಬಿಚ್ಚಿಬಿಡೋದು. ಅಂದ್ರೆ ನಿಮಗೆ ಮೋಸ ಆಗಿಲ್ಲ, ಸುದ್ದಿ ತಡವಾಗಿ ಸಿಕ್ಕಿದೆ ಅಷ್ಟೆ.

ಇನ್ನು ವಾರ್ನಿಶ್ ವಿಷಯ. ನೀವೂ ಹೊಲ ತೋಟ ಇರೋರು, ಬೇಲಿ ಗೂಟ ಎಲ್ಲಿ ಮುರಿಯುತ್ತೆ ಹೇಳಿ? ಮೇಲೂ ಅಲ್ಲ, ಮಣ್ಣೊಳಗೆ ಆಳದಲ್ಲೂ ಅಲ್ಲ, ಸರಿಯಾಗಿ ನೆಲದ ಮಟ್ಟಕ್ಕೆ. ಅಲ್ಲಿ ತೇವ, ಗಾಳಿ ಎರಡೂ ಸಿಕ್ಕಿ ಬೂಷ್ಟಿಗೆ ಹಬ್ಬ. ಡೊಹರ್ಟಿ ಗೋಡೆಗಳೂ ಹಂಗೇ ನಿಲ್ಲೋದು, ದಪ್ಪನೆ ಕೊಂಬೆಗಳನ್ನ ನೆಲದಲ್ಲಿ ಗುಳಿ ತೋಡಿ ಹೂತು, ಅದಕ್ಕೆ ಮಿಕ್ಕಿದ್ದನ್ನ ಹೆಣೀತಾ ಹೋಗೋದು. ಮೇಲೆ ಎಷ್ಟು ಬಣ್ಣ ಹೊಡೆದ್ರೂ ಬುಡ ಕೊಳೀತದೆ, ಬುಡ ಹೋದ್ಮೇಲೆ ಮಕ್ಕಳು ಒಳಗೆ ಓಡಾಡೋ ಗೋಡೆ ಯಾವನ್ ಧೈರ್ಯದ ಮೇಲೆ ನಿಲ್ಲಿಸ್ತೀರಿ.

"ಇಷ್ಟಕ್ಕೂ ಅದು ನಮ್ಮೂರ ಬೇಲಿ ತಾನೇ" ಅಂತ ಕೊನೇಲಿ ಒಂದು ಕುಟುಕಿದೀರಲ್ಲ, ಅದನ್ನ ನಾನು ಒಪ್ಪಲ್ಲ. ನೀವೇ ಕಳಿಸಿರೋ ಫೋಟೋನ ಸ್ವಲ್ಪ ದೊಡ್ಡದು ಮಾಡಿ ನೋಡಿ. ಕಡ್ಡಿಗೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುತ್ತಲ್ಲ, ಒಂದು ಭಾಗದಲ್ಲಿ ಸಣ್ಣ ತುದಿಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿವೆ, ಪೆನ್ಸಿಲಲ್ಲಿ ಒತ್ತಿ ಶುರು ಮಾಡಿ ಹಗುರಕ್ಕೆ ಎಳೆದು ಬಿಟ್ಟ ಗೆರೆ ಹಂಗೆ. ಅದಕ್ಕೇ ಗೋಡೆ ಸುತ್ತ ಗಾಳಿ ಬೀಸ್ತಿದೆಯೇನೋ ಅನ್ಸೋದು. ಬೇಲಿ ಕಟ್ಟೋನು ಹಸು ನುಗ್ಗದಿದ್ರೆ ಸಾಕು ಅಂತ ಕಟ್ತಾನೆ, ಇವರು ಕಡ್ಡೀಲಿ ಗೆರೆ ಎಳೀತಾರೆ, ಕೊನೇ ದಿನಗಳಲ್ಲಿ ತೀರಾ ಸಣ್ಣ ಕಡ್ಡಿ ತಗೊಂಡು ತಪ್ಪು ಒಪ್ಪುಗಳನ್ನೆಲ್ಲ ಮುಚ್ಚಿ ತಿದ್ದುತಾರೆ. ಮೇದರ ಕೇರೀಲಿ ಮಂಕರಿ ಹೆಣೆಯೋರನ್ನ ಕೂತು ನೋಡಿದೋರಿಗೆ ಇದು ಬೇಗ ಗೊತ್ತಾಗುತ್ತೆ.

ಕಬ್ಬನ್ ಪಾರ್ಕಲ್ಲಿ ಯಾಕೆ ಮಾಡಬಾರದು ಅಂತಾನೂ ಕೇಳಿದೀರಿ. ಮಾಡಬಹುದು, ಆದ್ರೆ ನಮ್ಮ ಗೆದ್ದಲು ಎರಡು ವರ್ಷ ಕಾಯುತ್ತೆ ಅಂತ ನನಗೆ ನಂಬಿಕೆ ಇಲ್ಲ, ಒಂದು ಮಳೆಗಾಲ ದಾಟಿದ್ರೆ ಪುಣ್ಯ. ಅದಕ್ಕಿಂತ ಜಾಸ್ತಿ ಭಯ ಏನಂದ್ರೆ ಯಾರೋ ಒಬ್ಬರು "ಪರ್ಮನೆಂಟಾಗಿರಲಿ" ಅಂತ ಅದನ್ನೇ ಸಿಮೆಂಟಲ್ಲಿ ಮಾಡಿಸಿ ಕಂದು ಬಣ್ಣ ಬಳಿಸಿಬಿಡ್ತಾರೆ. ಮರದ ದಿಮ್ಮಿ ಥರ ಕಾಣೋ ಸಿಮೆಂಟು ಬೆಂಚುಗಳ ಮೇಲೆ ನೀವೂ ಕೂತಿದೀರಲ್ಲ.

ಮೊಮ್ಮಗಳು ಕಿಟಕಿಯಿಂದ ತಲೆ ಹಾಕಿರೋ ಆ ಫೋಟೋ ಮುಂದಿನ ಸಂಚಿಕೇಲಿ ಹಾಕೋ ಆಸೆ ಇದೆ. ಮಗಳನ್ನ ಒಂದು ಮಾತು ಕೇಳಿ ತಿಳಿಸಿ, ಪ್ರಿಂಟ್ ಜೋಪಾನವಾಗಿ ವಾಪಸ್ ಕಳಿಸ್ತೀವಿ.

— ಸಂಪಾದಕ