ಬೈಬಲ್‌ನಲ್ಲಿ ‘ಸಹೋದರ’ ಅಂದ್ರೆ ಒಡಹುಟ್ಟಿದವನು ಮಾತ್ರವೇ?

ಅಲ್ಲ. ನಮ್ಮ ಬೀದರ್‌ನ ಚರ್ಚುಗಳಲ್ಲಿ ರಕ್ತಸಂಬಂಧ ಇಲ್ಲದವರೂ ‘ಬ್ರದರ್’ ಅಂತ ಕರೆದುಕೊಳ್ತಾರೆ ಅಲ್ವಾ, ಅದರ ಬೇರು ಬೈಬಲ್‌ನಲ್ಲೇ ಇದೆ. ಆದಾಮ, ಹವ್ವರ ಮಕ್ಕಳಾದ ಕಾಯಿನ, ಹೇಬೆಲ ಒಡಹುಟ್ಟಿದವರು. ಮೋಶೆಯ ಧರ್ಮಶಾಸ್ತ್ರದಲ್ಲಿ (ಮೋಶೆ ತನ್ನ ಜನರಾದ ಇಸ್ರಾಯೇಲ್ಯರಿಗೆ ಕೊಟ್ಟ ನಿಯಮಗಳಲ್ಲಿ) ಇಸ್ರಾಯೇಲ್ಯರೆಲ್ಲ ಅಣ್ಣತಮ್ಮಂದಿರು. ಯೇಸು ಇನ್ನೂ ಮುಂದೆ ಹೋದರು: ತಂದೆಯ ಚಿತ್ತದಂತೆ ನಡೆಯುವವರೇ ನನಗೆ ತಮ್ಮ, ತಂಗಿ, ತಾಯಿ ಎಂದರು (ಮತ್ತಾಯ 12:50).

ನನಗೆ ಜಾಸ್ತಿ ಹಿಡಿಸೋದು, ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಫಿಲೆಮೋನ ಎಂಬ ವಿಶ್ವಾಸಿಗೆ ಬರೆದ, ಬೈಬಲ್‌ನಲ್ಲೇ ಇರುವ ಪತ್ರ. ಒಂದೇ ಅಧ್ಯಾಯ, 25 ವಚನ, ಹತ್ತು ನಿಮಿಷ ಸಾಕು. ಒನೇಸಿಮ ಫಿಲೆಮೋನನ ದಾಸ. ಅವನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಹತ್ತಿರ ಇದ್ದ. ಪೌಲ ಅವನನ್ನು ವಾಪಸ್ ಕಳಿಸುತ್ತಾ, ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಅಂತಾನೆ. ಸುಮ್ನೆ ಬಾಯಿಮಾತಲ್ಲ. ಅವನಿಂದ ನಿನಗೇನಾದರೂ ಬರಬೇಕಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ ಅಂತಲೂ ಸೇರಿಸಿದ.