ರಬ್ಬರ್ ಎದ್ದ ಹಳೆ ಡ್ರಮ್ ಪ್ರಾಕ್ಟಿಸ್ ಪ್ಯಾಡಿಗೆ ಸೈಕಲ್ ಟ್ಯೂಬ್ ಅಂಟಿಸಬಹುದೇ?

ಬೇಡ ಮಾರಾಯ್ರೆ. ನೀವು ಬರೆದದ್ದು ನನ್ನ ಮೊದಲ ಪ್ಯಾಡಿನ (ಡ್ರಮ್ ಇಲ್ಲದೆ ಅಭ್ಯಾಸ ಮಾಡಲು ಹಲಗೆಗೆ ರಬ್ಬರ್ ಅಂಟಿಸಿದ್ದು) ಅವಸ್ಥೆಯೇ: ಅಂಚಿನಲ್ಲಿ ರಬ್ಬರ್ ಎದ್ದಿದೆ, ನಡುವೆ ಹೊಡೆದರೆ ಕಡ್ಡಿ ಪುಟಿಯುವುದಿಲ್ಲ. ರಬ್ಬರ್ ಸತ್ತಿದೆ ಎಂದು ನೀವು ತೀರ್ಮಾನಿಸಿದ್ದೀರಿ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಸಾಯುವುದು ರಬ್ಬರ್ ಅಲ್ಲ, ಅಂಟು. ಬೆರಳ ಗೆಣ್ಣಿನಿಂದ ಪ್ಯಾಡಿನ ಉದ್ದಗಲ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಅಂಟು ಬಿಟ್ಟಿದೆ. ರಬ್ಬರನ್ನು ಮಡಚಿದಾಗ ಬಿರುಕು ಬಾರದಿದ್ದರೆ ಅದನ್ನೇ ಮತ್ತೆ ಬಳಸಬಹುದು.

ಎಬ್ಬಿಸುವಾಗ ಚಾಕು ಹಾಕಬೇಡಿ. ಹೇರ್ ಡ್ರೈಯರಿನಿಂದ ಬಿಸಿ ಕೊಟ್ಟು, ಗಾಳದ ನೈಲಾನ್ ದಾರವನ್ನು ನಡುವೆ ಗರಗಸದ ಹಾಗೆ ಎಳೆಯಿರಿ. ಅಡಿಯ ಹಲಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಆಗಿದ್ದು ಊದಿಕೊಂಡಿದ್ದರೆ ಅದನ್ನು ಒಣಗಿಸಿ ಪ್ರಯೋಜನವಿಲ್ಲ, ಬಿಸಾಡಿ. ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿರುವ 12 ಮಿಮೀ ಮರೀನ್ ಪ್ಲೈವುಡ್ ತುಂಡು ತಂದು, ಅಂಚಿಗೆ ಎರಡು ಕೋಟ್ ವಾರ್ನಿಶ್ ಹಚ್ಚಿ. ಅಂಟುವ ಮುಖಕ್ಕೆ ವಾರ್ನಿಶ್ ತಾಗಬಾರದು.

ಇನ್ನು ನಾನು ಕೆಡಿಸಿಕೊಂಡ ಕೆಲಸ. ಅಂಟು ಸರಿಯಾದದ್ದೇ ತಂದಿದ್ದೆ, ಫೆವಿಕಾಲ್ ಎಸ್‌ಆರ್ ಜಾತಿಯ ಹಳದಿ ರಬ್ಬರ್ ಅಂಟು. (ಮರಗೆಲಸದ ಬಿಳಿ ಫೆವಿಕಾಲ್ ರಬ್ಬರಿಗೆ ಹಿಡಿಯುವುದಿಲ್ಲ.) ಆದರೆ ಆಟಿ ತಿಂಗಳ ಮಳೆಯ ದಿನ, ಮಂಗಳೂರಿನ ಮನೆಯ ಜಗಲಿಯಲ್ಲಿ ಕೂತು ಎರಡೂ ಕಡೆ ಹಚ್ಚಿ, ಹಸಿ ಇರುವಾಗಲೇ ಒತ್ತಿಬಿಟ್ಟೆ. ಅಂಟಿನಲ್ಲಿರುವ ದ್ರಾವಕ ಹಾರಿಹೋದ ಮೇಲೆಯೇ ಅದು ಹಿಡಿಯುವುದು. ಒತ್ತಿದ ಮೇಲೆ ದ್ರಾವಕಕ್ಕೆ ಹೊರಹೋಗಲು ದಾರಿ ಇಲ್ಲ, ಅದು ರಬ್ಬರಿನೊಳಗೇ ಇಳಿಯುತ್ತದೆ. ನೈಸರ್ಗಿಕ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ. ನಾಲ್ಕೇ ದಿನದಲ್ಲಿ ನಡುವೆ ರೂಪಾಯಿ ಅಗಲದ ಗುಳ್ಳೆ ಎದ್ದಿತು, ಹೊಡೆಯುವ ಜಾಗವೇ ಅದು. ಮಳೆಯದ್ದು ಇನ್ನೊಂದು ಪೆಟ್ಟು: ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಬೆವರಿನ ಹಾಗೆ ಕೂರುತ್ತದೆ. ಅಂಟಿನ ಮೇಲೆ ಬಿಳಿ ಮಬ್ಬು ಕಂಡರೆ ಅದು ನೀರು, ಹಾಗೆಯೇ ಒತ್ತಿದರೆ ಹಿಡಿಯುವುದಿಲ್ಲ. ಎರಡನೇ ಸಲ ಹಳೆ ಅಂಟನ್ನೆಲ್ಲ ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಯಿತು.

ಹಾಗಾಗಿ ಬಿಸಿಲಿರುವ ದಿನ ಮಾಡಿ, ಮಳೆಗಾಲವಾದರೆ ಕಿಟಕಿ ತೆರೆದು ಫ್ಯಾನ್ ಹಾಕಿ, ಹತ್ತಿರ ದೀಪ, ಒಲೆ ಏನೂ ಇರಬಾರದು. ಹಲಗೆಯನ್ನೂ ರಬ್ಬರಿನ ಅಡಿಯನ್ನೂ 80 ನಂಬರ್ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಧೂಳು ಒರೆಸಿ. ಎರಡಕ್ಕೂ ತೆಳ್ಳಗೆ ಹಚ್ಚಿ, 10ರಿಂದ 15 ನಿಮಿಷ ಬಿಡಿ. ಬೆರಳ ಹಿಂಬದಿ ತಾಗಿಸಿದರೆ ಅಂಟು ಬೆರಳಿಗೆ ಬರಬಾರದು. ಒಮ್ಮೆ ಕೂತ ಮೇಲೆ ಸರಿಸಲಾಗದು, ಆದ್ದರಿಂದ ಒಂದು ಅಂಚಿನಿಂದ ಶುರು ಮಾಡಿ ನಿಧಾನ ಇಳಿಸಿ, ಚಪಾತಿ ಲಟ್ಟಣಿಗೆಯಿಂದ ನಡುವಿನಿಂದ ಹೊರಕ್ಕೆ ಬಲವಾಗಿ ಉರುಳಿಸಿ. ಭಾರ ಇಡುವುದಕ್ಕಿಂತ ಈ ಒತ್ತಡವೇ ಮುಖ್ಯ. ಒಂದು ದಿನ, ಮಳೆಗಾಲದಲ್ಲಿ ಎರಡು ದಿನ, ಮುಟ್ಟಬೇಡಿ.

ಹೊಳಪು ಹತ್ತಿದ ಮೇಲ್ಮೈಗೆ 220 ನಂಬರ್ ಸ್ಯಾಂಡ್ ಪೇಪರ್, ಸೋಪು ನೀರು ಸಾಕು. ತೆಂಗಿನೆಣ್ಣೆ, ಸೀಮೆಎಣ್ಣೆ ಖಂಡಿತ ಬೇಡ, ರಬ್ಬರ್ ಮೆದುವಾಗಿ ಜಿಗುಟಾಗುತ್ತದೆ. ರಬ್ಬರ್ ನಿಜವಾಗಿಯೂ ಬಿರಿದಿದ್ದರೆ 6 ಮಿಮೀ ದಪ್ಪದ ನೈಸರ್ಗಿಕ ರಬ್ಬರ್ ಹಾಳೆ ಕೇಳಿ, ಗಡಸುತನ ಶೋರ್ ಎ (ರಬ್ಬರಿನ ಗಡಸುತನದ ಅಳತೆ) 40ರ ಆಸುಪಾಸು ಇರಲಿ.

ಸೈಕಲ್ ಟ್ಯೂಬ್ ಬೇಡ ಎಂದದ್ದು ಯಾಕೆಂದರೆ, ಅದು ಹೆಚ್ಚಾಗಿ ಬ್ಯುಟೈಲ್ ರಬ್ಬರ್. ಗಾಳಿ ಹಿಡಿದಿಡುವುದರಲ್ಲಿ ಉತ್ತಮ, ಆದರೆ ಪೆಟ್ಟನ್ನು ನುಂಗುತ್ತದೆ, ಕಡ್ಡಿಯನ್ನು ಹಿಂದೆ ಕಳಿಸುವುದಿಲ್ಲ. ಅದರ ಮೇಲೆ ಡಬಲ್ ಸ್ಟ್ರೋಕ್ (ಒಂದೇ ಕೈಯಿಂದ ಬೆನ್ನುಬೆನ್ನಿಗೆ ಎರಡು ಪೆಟ್ಟು) ಕಲಿಯಲು ಹೋದರೆ ಕೈ ಸೋಲುತ್ತದೆ. ಟ್ಯೂಬ್ ಕೈಯಲ್ಲಿದ್ದರೆ ಅದರ ಒಳಗಿನ ಪೌಡರ್ ತೊಳೆದು, ಒರಟು ಮಾಡಿ, ನಾಲ್ಕು ಪಟ್ಟಿ ಕತ್ತರಿಸಿ ಹಲಗೆಯ ಅಡಿಗೆ ಅಂಟಿಸಿ. ನುಣುಪು ನೆಲದಲ್ಲೂ ಪ್ಯಾಡ್ ಜಾರುವುದಿಲ್ಲ.