14% ಡಿವಿಡೆಂಡ್ ಕೊಡೋ ಚೀನಾ ಷೇರು ನಂಬ್ಕೊಂಡು ಅಪ್ಪ ಅಮ್ಮನ ಖರ್ಚು ನಡೆಸ್ಬೋದಾ?

ಸಿಂಗಾಪುರದಲ್ಲಿ ಕೆಲಸ ಮಾಡೋ ನಮ್ಮ ಕಡೆಯವ್ರೊಬ್ರು, ನಲವತ್ತು ದಾಟಿದ ಇಂಜಿನಿಯರ್, ಹೆಂಡತಿ ಜೊತೆ ವಿಡಿಯೋ ಕಾಲಲ್ಲಿ ಸಿಕ್ಕಿದ್ರು (ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ). ಆಫೀಸಲ್ಲಿ ಲೇಆಫ್ ಮಾತು ಕೇಳಿ ಹೆದರಿದಾರೆ, ಕೆಲಸ ಹೋದ್ರೂ ಊರಲ್ಲಿರೋ ಅಪ್ಪ ಅಮ್ಮಂಗೆ ಕಳ್ಸೋ ದುಡ್ಡು ನಿಲ್ಬಾರ್ದು, ಅದಕ್ಕೆ ಉಳಿತಾಯದ ಮುಕ್ಕಾಲು ಪಾಲು ಹಾಂಗ್‌ಕಾಂಗ್ ಮತ್ತೆ ಸಿಂಗಾಪುರದಲ್ಲಿ ಲಿಸ್ಟ್ ಆಗಿರೋ ಚೀನಾ ಷೇರಿಗೆ ಹಾಕಿ ಡಿವಿಡೆಂಡಲ್ಲೇ (ಕಂಪನಿ ಲಾಭದಿಂದ ಷೇರುದಾರರಿಗೆ ಹಂಚೋ ದುಡ್ಡು) ನಡೆಸ್ತೀನಿ ಅಂತ ಪ್ಲಾನು. ಹೆಂಡತಿಗೆ ಇದು ಕೇಳಿದಾಗ್ಲಿಂದ ನಿದ್ದೆ ಇಲ್ಲ.

ಅವರು ಮಾಡ್ಕೊಂಡಿದ್ದ ಪಟ್ಟೀಲಿ ಎರಡು ಜಾತಿ ಷೇರು ಇತ್ತು. ಒಂದು ಐಸಿಬಿಸಿ, ಚೀನಾ ಕನ್‌ಸ್ಟ್ರಕ್ಷನ್ ಬ್ಯಾಂಕ್ ಥರದ ಸರ್ಕಾರಿ ಬ್ಯಾಂಕ್ ದೈತ್ಯರು. ಇನ್ನೊಂದು ಯಾರೂ ಕೇಳಿರದ ಚಿಕ್ಕ ಕಂಪನಿಗಳು, ಪಿಇ 3 (ಅಂದ್ರೆ ಷೇರಿನ ರೇಟು ಒಂದು ವರ್ಷದ ಲಾಭದ ಮೂರರಷ್ಟೇ), ಲೆಕ್ಕದ ಪುಸ್ತಕದಲ್ಲಿ ಮಾರ್ಕೆಟ್ ಕ್ಯಾಪ್‌ಗಿಂತ (ಎಲ್ಲಾ ಷೇರಿನ ಒಟ್ಟು ಬೆಲೆ) ಜಾಸ್ತಿ ಕ್ಯಾಷು, ಡಿವಿಡೆಂಡ್ ಯೀಲ್ಡ್ 14%. ಇವರಿಗೆ ಎರಡೂ ಒಂದೇ ಥರ "ಚೀಪ್".

ಆ 14 ಹೆಂಗೆ ಬಂತು ಅಂತ ಕೇಳ್ದೆ. ಹೋದ ವರ್ಷ ಕೊಟ್ಟ ಡಿವಿಡೆಂಡನ್ನ ಇವತ್ತಿನ ರೇಟಿಂದ ಭಾಗಿಸಿದ್ದು ಅಷ್ಟೇ. ರೇಟ್ ಅರ್ಧಕ್ಕೆ ಬಿದ್ರೆ ಯೀಲ್ಡ್ ಡಬಲ್ ಆಗುತ್ತೆ, ಕಂಪನಿ ಒಂದು ಪೈಸೆ ಜಾಸ್ತಿ ಕೊಟ್ಟಿರಲ್ಲ. ಅಷ್ಟು ಯೀಲ್ಡ್ ಕಾಣ್ತಿದೆ ಅಂದ್ರೆ ಬಹುಪಾಲು ಸಲ ಮುಂದಿನ ವರ್ಷ ಇದು ಬರಲ್ಲ ಅಂತ ಮಾರ್ಕೆಟ್ಟೇ ಅಂದ್ಕೊಂಡಿದೆ ಅಂತ ಅರ್ಥ.

ಕ್ಯಾಷ್ ಇದೆಯಲ್ಲಾ ಅಂದ್ರು. ಸಿಂಗಾಪುರದಲ್ಲೇ ಲಿಸ್ಟ್ ಆಗಿ ಎಸ್-ಚಿಪ್ ಅಂತ ಕರೆಸ್ಕೊಳ್ತಿದ್ದ ಚೀನಾ ಕಂಪನಿಗಳ ಕಥೆ ನೆನಪಿಸ್ದೆ. 2014ರಲ್ಲಿ ಎರಾಟಾಟ್ ಅನ್ನೋ ಬಟ್ಟೆ ಚಪ್ಪಲಿ ಕಂಪನಿ ಪುಸ್ತಕದಲ್ಲಿ ತೋರ್ಸಿದ್ದ ಕ್ಯಾಷು ಬ್ಯಾಂಕಲ್ಲಿ ಹೋಗಿ ಕೇಳಿದ್ರೆ ಇರಲೇ ಇಲ್ಲ. ದೊಡ್ಡದಾದ್ರೆ ಸೇಫ್ ಅಂತಾನೂ ಅಲ್ಲ, ಎವರ್‌ಗ್ರಾಂಡ್ ಅನ್ನೋ ಚೀನಾದ ರಿಯಲ್ ಎಸ್ಟೇಟ್ ಕಂಪನಿ ಒಂದು ಕಾಲಕ್ಕೆ ಒಳ್ಳೆ ಡಿವಿಡೆಂಡ್ ಕೊಡ್ತಿತ್ತು, 2019-20ರಲ್ಲಿ 56,000 ಕೋಟಿ ಯುವಾನ್‌ಗಿಂತ ಜಾಸ್ತಿ ಆದಾಯ ಉಬ್ಬಿಸಿ ತೋರ್ಸಿತ್ತು ಅಂತ ಚೀನಾ ರೆಗ್ಯುಲೇಟರೇ 2024ರಲ್ಲಿ ಹೇಳ್ತು, 2025ರ ಆಗಸ್ಟಲ್ಲಿ ಹಾಂಗ್‌ಕಾಂಗಿಂದ ಡಿಲಿಸ್ಟ್ ಆಯ್ತು.

ಸರ್ಕಾರಿ ಬ್ಯಾಂಕುಗಳ ವಿಷಯ ಬೇರೆ. ಲಾಭದಲ್ಲಿ ಸುಮಾರು 30% ಹಂಚ್ತಾರೆ, ದೊಡ್ಡ ಷೇರುದಾರ ಸರ್ಕಾರವೇ ಆಗಿರೋದ್ರಿಂದ ಆ ಡಿವಿಡೆಂಡ್ ಅವರಿಗೂ ಬೇಕು, ಹಾಗಾಗಿ ಏಕಾಏಕಿ ನಿಲ್ಲೋ ಚಾನ್ಸ್ ಕಮ್ಮಿ ಅಂತ ನನ್ನ ಅಭಿಪ್ರಾಯ. ಆದ್ರೆ ಅದೇ ಸರ್ಕಾರ ಸಾಲದ ಬಡ್ಡಿ ಇಳಿಸಿ ಅಂದ್ರೆ ಇಳಿಸ್ಬೇಕು, ಮಾರ್ಜಿನ್ (ಸಾಲದ ಬಡ್ಡಿಗೂ ಡೆಪಾಸಿಟ್ ಬಡ್ಡಿಗೂ ಇರೋ ಅಂತರ) 2%ಗಿಂತ ಕೆಳಗೆ ಬಂದಿದೆ, ರಿಯಲ್ ಎಸ್ಟೇಟ್ ಸಾಲ ಬೇರೆ ಕೂತಿದೆ. 2025ರಲ್ಲಿ ಕನ್‌ಸ್ಟ್ರಕ್ಷನ್ ಬ್ಯಾಂಕೂ ಸೇರಿ ನಾಲ್ಕು ಬ್ಯಾಂಕಿಗೆ ಹಣಕಾಸು ಇಲಾಖೆ 50,000 ಕೋಟಿ ಯುವಾನ್ ಹಾಕಿ ಹೊಸ ಷೇರು ತಗೊಳ್ತು, ಅಂದ್ರೆ ಅದೇ ಲಾಭ ಹಂಚ್ಕೊಳ್ಳೋಕೆ ಜಾಸ್ತಿ ಷೇರು. ಕಂಪನಿ ಚೆನ್ನಾಗಿದ್ರೂ ರಾಜಕೀಯ ಹೊಡೆಯುತ್ತೆ, ಅಮೆರಿಕದ ಆದೇಶ ಒಂದರಿಂದ ಚೀನಾ ಮೊಬೈಲ್ ಅನ್ನೋ ಟೆಲಿಕಾಂ ಕಂಪನಿ 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಿಂದ ಹೊರಗೆ ಬಂತು.

ಆಮೇಲೆ ಟ್ಯಾಕ್ಸು. ಚೀನಾದಲ್ಲೇ ನೋಂದಣಿ ಆಗಿರೋ ಈ ಬ್ಯಾಂಕುಗಳ ಡಿವಿಡೆಂಡಲ್ಲಿ 10% ಮೊದಲೇ ಕಟ್ ಆಗುತ್ತೆ. ಕೆಲಸ ಹೋಗಿ ಊರಿಗೆ ವಾಪಸ್ ಬಂದು ಪೂರ್ತಿ ರೆಸಿಡೆಂಟ್ ಆದ್ಮೇಲೆ ಇಲ್ಲಿ ಸ್ಲ್ಯಾಬ್ ಪ್ರಕಾರ ಟ್ಯಾಕ್ಸು, ಅಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್ ಸಿಗುತ್ತೆ, ಆದ್ರೆ ರಿಟರ್ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸ್ಲೇಬೇಕು. ದುಡ್ಡು ಬರೋದು ವರ್ಷಕ್ಕೆ ಎರಡು ಸಲ, ಅಪ್ಪನ ಬಿಪಿ ಮಾತ್ರೆ ಪ್ರತಿ ತಿಂಗಳು ಬೇಕು.

ನಾನು ಕೊಟ್ಟ ಸಲಹೆ: ಅಪ್ಪ ಅಮ್ಮನ ದುಡ್ಡನ್ನ ಷೇರಿಂದ ಪೂರ್ತಿ ಬೇರೆ ಮಾಡಿ. ಅವರಿಗೆ ಗಿಫ್ಟಾಗಿ ಕೊಟ್ಟು ಅವರ ಹೆಸರಲ್ಲೇ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಲ್ಲಿ ಇಡ್ಸಿ, ಒಬ್ಬರಿಗೆ 30 ಲಕ್ಷದವರೆಗೆ ಆಗುತ್ತೆ, 2023ರ ಏಪ್ರಿಲಲ್ಲಿ ಬಡ್ಡಿ 8.2% ಆಯ್ತು, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತೆ. ಖರ್ಚು ರೂಪಾಯಲ್ಲಿ ಇರುವಾಗ ಆದಾಯಾನೂ ರೂಪಾಯಲ್ಲೇ ಇರ್ಲಿ. ಮನೆ ನಡೆಸೋಕೆ ಒಂದು ವರ್ಷದ ದುಡ್ಡು ಸಿಂಗಾಪುರದಲ್ಲೇ ಡೆಪಾಸಿಟ್. ಉಳಿದಿದ್ರಲ್ಲಿ ಸರ್ಕಾರಿ ಬ್ಯಾಂಕ್ ಷೇರು ಬೇಕಾದ್ರೆ ಒಟ್ಟು ಉಳಿತಾಯದ 10% ಒಳಗೆ. ಚಿಕ್ಕ ಕಂಪನಿ ಒಂದೂ ಬೇಡ.

ಹೆಂಡತಿ ಆಗ ಮೊದಲನೇ ಸಲ ಮಾತಾಡಿದ್ರು, ಲೇಆಫ್ ಆದ್ರೆ ನಾನೂ ದುಡೀತೀನಿ, ಯಾಕೆ ಒಬ್ರೇ ಹೊತ್ಕೋತೀರ ಅಂತ. ಗಂಡ ತುಂಬಾ ಹೊತ್ತು ಸುಮ್ನಿದ್ರು. ಸ್ಕೀಮ್ ಅಕೌಂಟಿಗೆ ಒಪ್ಪಿದಾರೆ, ಒಂದು ಚಿಕ್ಕ ಕಂಪನಿ ಮಾತ್ರ ಬಿಡೋಕೆ ಇನ್ನೂ ಮನಸ್ಸಿಲ್ಲ. ಮಾರ್ಚ್ ಕೊನೆಗೆ ಚೀನಾ ಬ್ಯಾಂಕುಗಳ ವಾರ್ಷಿಕ ರಿಸಲ್ಟ್ ಬಂದ್ಮೇಲೆ ಮತ್ತೆ ಮಾತಾಡೋದು ಅಂತಾಗಿದೆ, ಅಲ್ಲೀವರೆಗೆ ಹೊಸದೇನೂ ತಗೊಳ್ಬೇಡಿ ಅಂದಿದೀನಿ.